ಮೊಗ್ಗಿನ ಜಡೆಯ ಡಬ್ಬಿ

ಶಿಕಾರಿಪುರದಲ್ಲಿ ಮೂವತ್ತೈದು ದಾಟಿದ ಯಾವ ಹೆಂಗಸಿನ ಮನೆಗೆ ಹೋದರೂ ಗೋಡೆಯ ಮೇಲೋ ಟ್ರಂಕಿನ ತಳದಲ್ಲೋ ಒಂದು ಫೋಟೋ ಸಿಗುತ್ತದೆ. ಜರಿಲಂಗ ತೊಟ್ಟ ಪುಟ್ಟ ಹುಡುಗಿ ಆಳೆತ್ತರದ ಕನ್ನಡಿಗೆ ಬೆನ್ನು ಕೊಟ್ಟು ನಿಂತಿರುತ್ತಾಳೆ. ಮುಖ ನಮ್ಮ ಕಡೆ, ಜಡೆ ಕನ್ನಡಿಯಲ್ಲಿ. ಅತ್ತು ಅತ್ತು ಕಾಡಿಗೆ ಕೆನ್ನೆಗೆ ಇಳಿದಿರುವುದೂ ಉಂಟು, ಒಂದು ಕಾಲಿನ ಚಪ್ಪಲಿ ಕಾಣೆಯಾಗಿರುವುದೂ ಉಂಟು. ಜಡೆ ಮಾತ್ರ ನೆತ್ತಿಯಿಂದ ಸೊಂಟದವರೆಗೆ ಬೆಳ್ಳಗೆ, ಒಂದು ಮೊಗ್ಗೂ ಸಾಲು ತಪ್ಪದೆ ಇಳಿದಿರುತ್ತದೆ. ಫೋಟೋ ತೆಗೆದವನು ಬಸ್ ಸ್ಟ್ಯಾಂಡ್ ರಸ್ತೆಯ ಸ್ಟುಡಿಯೋ ರಾಜಪ್ಪ. ಜಡೆ ಹೊಲಿದವಳು ನೀಲಾಂಬಿಕ.

ಬೇಸಿಗೆ ಬಂತೆಂದರೆ ಅವಳ ಮನೆಯ ಜಗುಲಿಯ ಮೇಲೆ ತಾಯಂದಿರು ಬೆಳಗಾಗುವ ಮುಂಚೆಯೇ ಜಾಗ ಹಿಡಿದು ಕೂರುತ್ತಿದ್ದರು. ಮಲ್ಲಿಗೆ ಮೊಗ್ಗು ಅಗ್ಗವಾಗುವುದು ಆಗಲೇ, ಮಕ್ಕಳಿಗೆ ಶಾಲೆ ಇಲ್ಲದಿರುವುದೂ ಆಗಲೇ. ಮಗುವಾಗಿದ್ದಾಗ ಒಂದು ಜಡೆ, ಮದುಮಗಳಾದಾಗ ಒಂದು, ಏಳು ತಿಂಗಳ ಬಸುರಿಯಾದಾಗ ಹೂ ಮುಡಿಸುವ ದಿನ ಇನ್ನೊಂದು. ಹೀಗೆ ಊರಿನ ಹೆಣ್ಣುಮಕ್ಕಳ ಬೆನ್ನೆಲ್ಲ ನೀಲಾಂಬಿಕಳಿಗೆ ಬಾಯಿಪಾಠವಾಗಿತ್ತು. ಸಂತೆಯಲ್ಲಿ ಮುಂದೆ ಹೋಗುತ್ತಿದ್ದವಳನ್ನು ಹಿಂದಿನಿಂದಲೇ ಗುರುತು ಹಿಡಿದು ಹೆಸರು ಕೂಗುತ್ತಿದ್ದಳು. ಅವಳಿಗೆ ಮುಖ ಮರೆತುಹೋದೀತು, ಕೂದಲು ಮರೆಯುವುದಿಲ್ಲ ಎಂದು ಗಂಡ ವೀರಬಸಪ್ಪ ಕಂಡವರಿಗೆಲ್ಲ ಹೇಳಿ ನಗುತ್ತಿದ್ದ.

ಈ ವಿದ್ಯೆ ಅವಳಿಗೆ ಬಂದದ್ದು ತವರೂರು ಉಡುತಡಿಯಲ್ಲಿ, ಸೋದರತ್ತೆ ದ್ಯಾಮಮ್ಮನಿಂದ. ದ್ಯಾಮಮ್ಮ ಕಲಿಸುವ ಕ್ರಮವೇ ಬೇರೆ. ಮೊದಲ ಬೇಸಿಗೆ ಪೂರ್ತಿ ಸೂಜಿ ಮುಟ್ಟುವಂತಿಲ್ಲ, ಬರೀ ಮೊಗ್ಗು ಆರಿಸುತ್ತ ಕೂರಬೇಕು. ದಪ್ಪನೆಯವು ನೆತ್ತಿಯ ಕಡೆಗೆ, ಸಣ್ಣವು ತುದಿಗೆ, ಬಾಯಿ ಬಿರಿದವು ದೇವರಿಗೆ. ಬೆಳಗ್ಗೆ ಬಂದ ಮೊಗ್ಗನ್ನು ಹೊತ್ತು ವಾಲುವುದರೊಳಗೆ ಹೊಲಿದು ಮುಗಿಸದಿದ್ದರೆ ಕೈಯಲ್ಲೇ ಅರಳಿಬಿಡುತ್ತದೆ, ಅರಳಿದ್ದಕ್ಕೆ ಸೂಜಿ ತಾಗಿಸಿದರೆ ಎಸಳು ಉದುರುತ್ತದೆ. ಮುಂಚೆಯೇ ಹೊಲಿದು ಮುಗಿಸಿದ ಜಡೆ ಸಂಜೆ ಹುಡುಗಿಯ ಬೆನ್ನ ಮೇಲೆ ತಾನಾಗಿ ಅರಳಬೇಕು. ಇವಳ ಕೈ ಪಳಗಿತು ಎಂದು ಅನ್ನಿಸಿದ ದಿನ ದ್ಯಾಮಮ್ಮ ಕಲಿತವಳಿಗೆ ಒಂದು ತಗಡಿನ ಡಬ್ಬಿ ಜೋಡಿಸಿ ಕೊಡುತ್ತಿದ್ದಳು. ಕೈಗೆ ಕೊಡುತ್ತಿರಲಿಲ್ಲ. ಒಳಗೆ ಸೂಜಿ ಇರುತ್ತದಲ್ಲ, ಕೈಯಿಂದ ಕೈಗೆ ಸೂಜಿ ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆಂದು ನೆಲದ ಮೇಲಿಟ್ಟು ಮುಂದಕ್ಕೆ ದೂಡುತ್ತಿದ್ದಳು.

ನೀಲಾಂಬಿಕಳಿಗೆ ಸಿಕ್ಕಿದ್ದು ಬಿಸ್ಕತ್ತಿನ ಡಬ್ಬಿ. ಮುಚ್ಚಳದ ಮೇಲೆ ಒಂದು ಗಿಳಿ ಇತ್ತು, ಈಗ ಅದರ ಕೊಕ್ಕು ಮಾತ್ರ ಉಳಿದಿದೆ. ಒಳಗೆ ಮೊಗ್ಗಿಗೆಂದು ಸಣ್ಣ ಸೂಜಿ, ತಳಕ್ಕೆಂದು ಉದ್ದನೆಯ ಸೂಜಿ, ಬಿಳಿ ದಾರದ ಉಂಡೆ, ದಾರ ಸಿಕ್ಕಾಗದಂತೆ ತೀಡಲು ಜೇನುಮೇಣದ ಚೂರು, ಮೊಂಡಾದರೂ ಬಿಸಾಡಲು ಮನಸ್ಸು ಬಾರದ ಕತ್ತರಿ, ಮೊಗ್ಗಿನ ಮೇಲೆ ಒದ್ದೆ ಮಾಡಿ ಹಾಸಲು ಹಳೆಯ ಧೋತರದ ತುಂಡು. ಜಡೆಯ ತಳಕ್ಕೆ ಉಡುತಡಿಯಲ್ಲಿ ಒಣಗಿದ ಬಾಳೆಪಟ್ಟೆ ಸಾಕಾಗುತ್ತಿತ್ತು. ಮದುವೆಯಾಗಿ ಪೇಟೆಗೆ ಬಂದ ಮೇಲೆ ರಟ್ಟು ಬಂತು. ವೀರಬಸಪ್ಪ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದುದರಿಂದ ಖಾಲಿ ಸೀರೆ ಪೆಟ್ಟಿಗೆಗಳಿಗೆ ಬರವಿರಲಿಲ್ಲ. ಸೀರೆ ಅಲ್ಲೇ ಬಿಟ್ಟು ಪೆಟ್ಟಿಗೆ ಮಾತ್ರ ಮನೆಗೆ ತರುವ ಗಂಡ ನನಗೊಬ್ಬಳಿಗೇ ಸಿಕ್ಕಿದ್ದು ಎಂದು ಅವಳು ಹಂಗಿಸುತ್ತಿದ್ದಳು.

ಆ ಡಬ್ಬಿಗೆ ನೀಲಾಂಬಿಕ ತಾನಾಗಿ ಸೇರಿಸಿದ್ದು ಒಂದೇ, ಅಳತೆಯ ನಾರು. ಜಡೆ ಹೊಲಿಯುವ ಮುಂಚೆ ಹುಡುಗಿಯನ್ನು ಮುಂದೆ ಕೂರಿಸಿಕೊಂಡು, ಕತ್ತಿನ ಹಿಂದಿನಿಂದ ಕೂದಲ ತುದಿಯವರೆಗೆ ಬಾಳೆನಾರು ಹಿಡಿದು, ತುದಿಗೆ ಗಂಟು ಹಾಕುತ್ತಿದ್ದಳು. ಯಾರದೆಂದು ಗುರುತಿರಲಿ ಎಂದು ಆ ಗಂಟಿಗೆ ಹುಡುಗಿಯ ಲಂಗದ್ದೋ ರವಿಕೆಯದ್ದೋ ಒಂದು ಚೂರು ಬಟ್ಟೆ. ಕೆಲಸ ಮುಗಿದ ಮೇಲೆ ನಾರನ್ನು ಬಿಸಾಡಬಹುದಿತ್ತು. ಅವಳು ಬಿಸಾಡಲಿಲ್ಲ. ಮಳೆಗಾಲದ ಬಿಡುವಿನಲ್ಲಿ ಆ ಕಟ್ಟು ಬಿಚ್ಚಿ, ಇವಳು ಇಷ್ಟಿದ್ದಳು, ಇಷ್ಟಾದಳು ಎಂದು ನೋಡುತ್ತ ಕೂರುವುದು ಅವಳಿಗೆ ಬಲು ಇಷ್ಟದ ಕೆಲಸವಾಗಿತ್ತು.

ಕಟ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ನಾರು ಮಗಳು ನಯನಳದು. ಬಾಲವಾಡಿಗೆ ಹೋಗುವಾಗಿನ ಮೊದಲನೆಯದು ಒಂದು ಗೇಣು, ತುದಿಗೆ ಹಳದಿ ಲಂಗದ ಚೂರು. ಆಮೇಲೆ ಬೇಸಿಗೆಗೊಂದರಂತೆ ಉದ್ದವಾಗುತ್ತ ಮದುವೆಯ ಹೊತ್ತಿಗೆ ಸೊಂಟ ದಾಟಿತ್ತು. ಅಂಥ ಕೂದಲು ಆ ಬೀದಿಯಲ್ಲಿ ಇನ್ಯಾರಿಗೂ ಇರಲಿಲ್ಲ ಎಂದು ನೀಲಾಂಬಿಕ ಹೇಳುತ್ತಾಳೆ, ಹೆತ್ತವಳ ಮಾತು ಎಂದು ಸ್ವಲ್ಪ ಕಳೆದುಕೊಂಡರೂ ಅದು ಸುಳ್ಳಲ್ಲ. ಕೂದಲಿಗೆ ಸ್ಟೀಲ್ ಬಟ್ಟಲು ಕೊಡುತ್ತೇವೆಂದು ಕೂಗಿಕೊಂಡು ಬರುವವರಿಗೆ ತನ್ನ ತಲೆಯ ಉದುರು ಕೂದಲನ್ನು ಕೊಟ್ಟು ಬಟ್ಟಲು ತೆಗೆದುಕೊಳ್ಳುತ್ತಿದ್ದಳು, ಮಗಳದನ್ನು ಮಾತ್ರ ಕೊಡುತ್ತಿರಲಿಲ್ಲ. ಬಾಚಣಿಗೆಯಲ್ಲಿ ಬಂದದ್ದನ್ನೆಲ್ಲ ಸುತ್ತಿ ಸುತ್ತಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಮದುವೆ ಗೊತ್ತಾದಾಗ ಅದೆಲ್ಲವನ್ನೂ ಕೊಟ್ಟು ಒಂದು ಚೌರಿ ಕಟ್ಟಿಸಿದಳು. ಬಾಣಂತನದಲ್ಲಿ ಹೆಂಗಸರ ಕೂದಲು ಉದುರುತ್ತದೆ, ಆಗ ಜಡೆಗೆ ಸೇರಿಸಿಕೊಳ್ಳಲು ಸ್ವಂತ ಕೂದಲಿನದೇ ಇರಲಿ ಎಂಬುದು ಅವಳ ದೂರಾಲೋಚನೆ.

ಆ ಚೌರಿಯನ್ನು ತಳದಲ್ಲಿಟ್ಟು, ಮೇಲೆ ಸೂಜಿ ದಾರ ಮೇಣ ಕತ್ತರಿ ಎಲ್ಲ ಜೋಡಿಸಿ, ಮಗಳಿಗೂ ಒಂದು ಹೊಸ ಡಬ್ಬಿ ತಯಾರಿಸಿದಳು. ಕೆಂಪು ಬಟ್ಟೆಯಲ್ಲಿ ಕಟ್ಟಿ ಗಂಟು ಹಾಕಿದಳು. ಆದರೆ ಮದುವೆಯ ಗಡಿಬಿಡಿಯಲ್ಲಿ ಕೊಡುವುದು ಮರೆತೇಹೋಯಿತು. ದಿಬ್ಬಣದ ಬಸ್ಸು ಸೊರಬಕ್ಕೆ ಹೊರಟು ಹಾರ್ನ್ ಹಾಕುತ್ತಿದ್ದಾಗ ನೆನಪಾಗಿ ಓಡಿಬಂದು, ಕಿಟಕಿಯಿಂದ ಮಗಳ ಕೈಗೇ ಕೊಟ್ಟುಬಿಟ್ಟಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆಗ ಕಚ್ಚಿಕೊಂಡು ಏನು ಪ್ರಯೋಜನ?

ಮೊದಲ ಆಷಾಢಕ್ಕೆ ತವರಿಗೆ ಬಂದ ನಯನ ಡಬ್ಬಿಯನ್ನು ಹಾಗೇ ತಂದು ಅಟ್ಟದ ಮೇಲಿಟ್ಟಳು. ಅಲ್ಲಿ ಹೂವಿನ ಜಡೆ ಯಾರೂ ಕೇಳುವುದಿಲ್ಲ ಎಂದಳು. ನೀಲಾಂಬಿಕ ಗಂಟು ನೋಡಿದಳು. ತಾನು ಹಾಕಿದ್ದೇ ಗಂಟು, ಬಿಚ್ಚಿರಲಿಲ್ಲ. ಆ ದಿನ ಅವಳಿಗೆ ಊಟ ಸೇರಲಿಲ್ಲ.

ಮುಂದೆ ನಯನ ಸೊರಬದಲ್ಲಿ ಗಂಡ ಮಾಲತೇಶನ ಅಂಗಡಿಯ ಪಕ್ಕದಲ್ಲೇ, ಮನೆಗೆ ತಾಗಿದ ಕೋಣೆಯಲ್ಲಿ, ಒಂದು ಬ್ಯೂಟಿ ಪಾರ್ಲರ್ ತೆರೆದಳು. ಮದುಮಗಳ ಅಲಂಕಾರ, ಬಾಡಿಗೆಗೆ ಒಡವೆ, ಬಾಡಿಗೆಗೆ ಜಡೆ. ಬೆಂಡಿನ ಹೂವನ್ನು ಅಂಟಿನ ಗನ್ನಿನಿಂದ ಅಂಟಿಸಿ ಮಾಡಿದ ಜಡೆಗಳು ಗೋಡೆಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಬಾಗಿಲು ಪೂಜೆಯ ದಿನ ನೀಲಾಂಬಿಕ ಒಂದನ್ನು ಕೈಗೆತ್ತಿಕೊಂಡು ಮೂಸಿ ನೋಡಿದಳು. ನೋಡಿ ಸುಮ್ಮನಿರಬಹುದಿತ್ತು.

"ಇದಕ್ಕೆ ಜೀವ ಎಲ್ಲೈತೆ?" ಎಂದಳು, ಬೀಗರ ಎದುರಿಗೇ.

"ಜೀವ ಇಲ್ಲ ಅಂತಲೇ ಇದು ಬಾಡಂಗಿಲ್ಲ ಅವ್ವ," ಎಂದಳು ನಯನ.

ಅಲ್ಲಿಂದ ಮುಂದೆ ತಾಯಿ ಮಗಳ ನಡುವೆ ಹೂವಿನ ಮಾತೇ ನಿಂತಿತು. ಫೋನಿನಲ್ಲಿ ಮಳೆ, ಅಡುಗೆ, ಮಾವನ ಸಕ್ಕರೆ ಕಾಯಿಲೆ, ಎಲ್ಲ ಬರುತ್ತಿತ್ತು. ಎರಡು ಸಲ ನಯನಳಿಗೆ ಬಸಿರು ನಿಲ್ಲದೆ ಹೋದಾಗ ನೀಲಾಂಬಿಕ ಹೋಗಿ ವಾರಗಟ್ಟಲೆ ಇದ್ದು ಬಂದಳು, ಇಬ್ಬರೂ ಸೇರಿ ಅತ್ತರು. ಆದರೂ ಹೂವಿನ ಮಾತು ಬರಲಿಲ್ಲ. ಹೋದ ವರ್ಷದಿಂದ ಮಗಳು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವುದನ್ನೂ ಬಿಟ್ಟಳು. ತಾಯಿ ಎಣ್ಣೆಯ ಬಟ್ಟಲು ಹಿಡಿದು ಬಂದರೆ, ಪಾರ್ಲರಿನಲ್ಲೇ ಹಚ್ಚಿಕೊಂಡಿದ್ದೇನೆ ಎಂದು ದೂರ ಸರಿಯುತ್ತಿದ್ದಳು. ನನ್ನ ಕೈ ಇವಳಿಗೆ ಬೇಡವಾಯಿತು ಎಂದುಕೊಂಡಳು ನೀಲಾಂಬಿಕ. ಕಿಟಕಿಯಿಂದ ಕೊಟ್ಟ ಸೂಜಿಯ ಫಲವಿದು ಎಂದು ತನ್ನನ್ನೇ ಬೈದುಕೊಂಡಳು.

ಈ ಬೇಸಿಗೆಯಲ್ಲಿ ನಯನಳಿಗೆ ಏಳು ತಿಂಗಳು ತುಂಬಿತು. ಹೂ ಮುಡಿಸುವ ಶಾಸ್ತ್ರಕ್ಕೆ ದಿನ ಗೊತ್ತಾಯಿತು. ಬಸುರಿಗೆ ಹೂ ತರುವುದು ತವರಿನವರು, ಅದರಲ್ಲೂ ತವರೆಂದರೆ ನೀಲಾಂಬಿಕಳ ಮನೆ. ಊರಿನ ಮಕ್ಕಳಿಗೆಲ್ಲ ಹೊಲಿದವಳಿಗೆ ತನ್ನ ಮಗಳ ಬಸಿರಿಗೊಂದು ಜಡೆ ಹೊಲಿಯಬೇಕೆಂಬ ಆಸೆ ಎಷ್ಟು ವರ್ಷದ್ದು! ಅವಳು ಹಿಗ್ಗಿನಿಂದ ಫೋನು ಮಾಡಿದಳು.

"ಜಡೆ ಹೊಲಿಯೋದು ಬ್ಯಾಡ ಅವ್ವ," ಎಂದಳು ನಯನ. "ನನ್ನ ಹತ್ರ ಐತೆ, ಅದನ್ನೇ ಹಾಕ್ಕಂತೀನಿ. ನೀನು ಹೂವು ಹಣ್ಣು ತಗಂಡು ಬಾ, ಸಾಕು."

ನೀಲಾಂಬಿಕ ಫೋನು ಇಟ್ಟು ಗಂಡನ ಕಡೆ ತಿರುಗಿದಳು. ಬೆಂಡಿನ ಜಡೆ, ಅದೂ ನನ್ನ ಮಗಳ ಬೆನ್ನ ಮೇಲೆ, ಅದೂ ಈ ದಿನ! ವೀರಬಸಪ್ಪ ಸಮಾಧಾನ ಹೇಳಿದ, ಮಗಳ ಖುಷಿ ಮುಖ್ಯ ಎಂದ. ಅವಳು ಕೇಳಲಿಲ್ಲ. ಹಟಕ್ಕೆ ಬಿದ್ದು ಮದುವೆಯ ದಿನದ ನಾರು ತೆಗೆದು, ಆ ಅಳತೆಗೆ ರಟ್ಟು ಕತ್ತರಿಸಿ, ಬಟ್ಟೆ ಸುತ್ತಿ ತಳ ಮಾಡಿದಳು. ಬೇಡವೆಂದರೆ ಅಲ್ಲೇ ದೇವರ ಫೋಟೋಕ್ಕೆ ಹಾಕಿ ಬರುತ್ತೇನೆ, ಹೊಲಿಯದೆ ಹೋಗುವುದಿಲ್ಲ ಎಂದಳು. ಹೊರಡುವಾಗ ಗಂಡನನ್ನು ಅಟ್ಟ ಹತ್ತಿಸಿ ಆ ಕೆಂಪು ಬಟ್ಟೆಯ ಡಬ್ಬಿಯನ್ನೂ ಇಳಿಸಿಕೊಂಡಳು.

ಹೂವಿನವನು ಆ ದಿನವೇ ತಡ ಮಾಡಬೇಕೆ? ಮೊಗ್ಗು ಕೈಗೆ ಬರುವಾಗ ಬಸ್ಸಿನ ಹೊತ್ತು ಹತ್ತಿರ ಬಂದಿತ್ತು. ಅರ್ಧ ಹೊಲಿದ ಜಡೆ, ಮೊಗ್ಗಿನ ಬುಟ್ಟಿ, ಒದ್ದೆ ಬಟ್ಟೆ ಎಲ್ಲ ಹಿಡಿದು ಬಸ್ಸು ಹತ್ತಿದಳು. ಹತ್ತಿದವಳೇ ತೊಡೆಯ ಮೇಲೆ ರಟ್ಟು ಹರಡಿ ಸೂಜಿ ಹಿಡಿದಳು. ಶಿರಾಳಕೊಪ್ಪದವರೆಗೆ ರಸ್ತೆ ಪರವಾಗಿಲ್ಲ, ಅಲ್ಲಿಂದ ಮುಂದೆ ಗುಂಡಿ ಬಂದಾಗಲೆಲ್ಲ ಸೂಜಿ ಬೆರಳಿಗೇ ನಾಟುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಹೊತ್ತು ನೋಡಿ, ಕೇಳದೆಯೇ ಬುಟ್ಟಿಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಮೊಗ್ಗು ಆರಿಸತೊಡಗಿದಳು. ಎದುರಿನವಳು ದಾರಕ್ಕೆ ಮೇಣ ತೀಡಿಕೊಟ್ಟಳು. ಯಾರಿಗೆ ಎಂದು ಕೇಳಿದಾಗ ಮಗಳಿಗೆ, ಏಳು ತಿಂಗಳು ಎಂದಳು ನೀಲಾಂಬಿಕ. ಬೇಡ ಎಂದವಳಿಗೆ ಎಂದು ಹೇಳಲಿಲ್ಲ. ಬಸ್ಸು ಘಮಘಮ ಎನ್ನುತ್ತಿತ್ತು. ಸೊರಬದ ಸ್ಟ್ಯಾಂಡಿನಲ್ಲಿ ತುದಿಯ ಕುಚ್ಚು ಕಟ್ಟಿ ದಾರ ಕತ್ತರಿಸಿದಾಗ, ಜೊತೆಗಿದ್ದ ಹೆಂಗಸರು ತಮ್ಮದೇ ಮನೆಯ ಕೆಲಸ ಮುಗಿದಂತೆ ಉಸ್ಸೆಂದರು.

ಮನೆಯಲ್ಲಿ ನಯನಳ ಅತ್ತೆ ವರದಮ್ಮ ಕಾಲಿಗೆ ನೀರು ಕೊಟ್ಟು ಒಳಗೆ ಕರೆದರು. ಬುಟ್ಟಿಯಲ್ಲಿದ್ದ ಜಡೆ ನೋಡಿ ಅವರ ಮುಖ ಒಂದು ಗಳಿಗೆ ಕಪ್ಪಿಟ್ಟಿತು. "ಎಂತ ಮಾಡೂದು ಬೀಗ್ರೇ, ಅವಳೇ ಹೇಳ್ತಾಳೆ, ನೀವು ಒಳಗೆ ಹೋಗಿ," ಎಂದು ಪಾರ್ಲರಿನ ಬಾಗಿಲು ತೋರಿಸಿದರು.

ನಯನ ಕನ್ನಡಿಯ ಎದುರು ಕುರ್ಚಿಯಲ್ಲಿ ಕೂತಿದ್ದಳು. ಹಸಿರು ಸೀರೆ, ಕೈತುಂಬ ಬಳೆ, ಬೆನ್ನ ಮೇಲೆ ಉದ್ದ ಜಡೆ. ತಾಯಿ ಬುಟ್ಟಿ ಕೆಳಗಿಟ್ಟು ಜಡೆ ಬಿಚ್ಚಲು ಕೈ ಚಾಚಿದಳು. ನಯನ ಆ ಕೈ ಹಿಡಿದುಕೊಂಡಳು. ಬುಟ್ಟಿಯನ್ನು ನೋಡಿದಳು. ಆಮೇಲೆ ತಾನೇ ತಲೆಯಿಂದ ಒಂದೊಂದೇ ಪಿನ್ನು ಕಿತ್ತು, ಇಡೀ ಜಡೆಯನ್ನು ತೆಗೆದು ತಾಯಿಯ ಕೈಯಲ್ಲಿ ಇಟ್ಟಳು.

ನೀಲಾಂಬಿಕ ಕಣ್ಣೆತ್ತಿ ನೋಡಿದಳು. ಮಗಳ ಕೂದಲು ಕತ್ತಿನ ಹಿಂದೆ ಒಂದು ಗೇಣು, ಅಷ್ಟೇ.

"ಚಂದ್ರಗುತ್ತಿ ಅಮ್ಮಗೆ ಮುಡಿ ಕೊಟ್ಟೆ ಅವ್ವ, ಹೋದ ವರ್ಷ," ಎಂದಳು ನಯನ. "ಎರಡನೇದೂ ಹೋದ ಮೇಲೆ. ಇನ್ನೊಂದು ಬಂದ್ರೆ ನಿಲ್ಲಿಸ್ಕೊಡು ಅಂತ ಬೇಡ್ಕಂಡೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ನನ್ನ ಕೂದ್ಲು ಅಳೆದಳೆದು ಇಟ್ಕಂಡೋಳು. ನಿಂಗೆ ಹೆಂಗೆ ಹೇಳ್ಲಿ?"

ನೀಲಾಂಬಿಕ ಕೈಯಲ್ಲಿದ್ದ ಜಡೆಯನ್ನು ನೋಡಿದಳು. ಎಣ್ಣೆ ಬೇಡವೆಂದದ್ದು, ದೂರ ಸರಿದದ್ದು, ಹೊಲಿಯಬೇಡ ಎಂದದ್ದು, ಎಲ್ಲ ಈಗ ಬೇರೆಯೇ ಆಗಿ ಕಂಡಿತು. ಮಗಳು ತನ್ನ ಕೈಯನ್ನು ಬೇಡವೆಂದಿರಲಿಲ್ಲ, ತನ್ನ ಸಂಕಟಕ್ಕೆ ಹೆದರಿದ್ದಳು. ಸಂತೆಯಲ್ಲಿ ಬೆನ್ನು ನೋಡಿ ಹೆಸರು ಹೇಳುವವಳು ಯುಗಾದಿಗೆ, ದೀಪಾವಳಿಗೆ ಈ ಸುಳ್ಳು ಜಡೆಯನ್ನು ಕಣ್ಣೆದುರೇ ಕಂಡಿದ್ದಳು, ಒಮ್ಮೆಯೂ ಅನುಮಾನ ಬಂದಿರಲಿಲ್ಲ. ತಿರುಗಿಸಿ ಒಳಗಿನ ಹೊಲಿಗೆ ನೋಡಿದಳು. ಎಳೆ ಎಳೆಯಾಗಿ ನೆತ್ತಿ ಮುಚ್ಚುವ ಬಲೆಗೆ ಕಟ್ಟಿದ ಕೆಲಸ, ಒಂದು ಗಂಟೂ ಹೊರಗೆ ಕಾಣುವುದಿಲ್ಲ.

"ಯಾರು ಕಟ್ಟಿದ್ದು ಇದನ್ನ?"

"ನಾನೇ."

"ನನ್ನ ಕಣ್ಣಿಗೇ ಗೊತ್ತಾಗ್ಲಿಲ್ಲ ನೋಡು," ಎಂದಳು ನೀಲಾಂಬಿಕ. ಹೇಳುತ್ತಲೇ ಅಳು ಬಂತು. ಮಗಳ ಕೈಗೆಲಸವನ್ನು ಅವಳು ಹೊಗಳಿದ್ದು ಅದೇ ಮೊದಲು, ಅದು ಇಬ್ಬರಿಗೂ ತಿಳಿಯಿತು. ನಯನಳೂ ಅತ್ತಳು. ಬಸುರಿ ಅಳಬಾರದೆಂದು ಬಾಗಿಲಿನಿಂದ ವರದಮ್ಮ ಗದರಿದ ಮೇಲೆ ಮುಖ ಒರೆಸಿಕೊಂಡರು.

ನಯನ ಮೊಗ್ಗಿನ ಜಡೆಯನ್ನು ಎತ್ತಿ ಮೂಸಿದಳು. ಮುಡಿಯಬೇಕೆಂಬ ಆಸೆ ಅವಳ ಮುಖದಲ್ಲೇ ಇತ್ತು. ಆದರೆ ಪಾರ್ಲರ್ ನಡೆಸುವವಳಿಗೆ ಭಾರದ ಲೆಕ್ಕ ಗೊತ್ತಲ್ಲ, ಹಸಿ ಮೊಗ್ಗಿನ ತೂಕವನ್ನು ತಾನು ಕಟ್ಟಿದ ಜಡೆ ತಡೆಯುವುದಿಲ್ಲ, ಜಾರಿ ಬೀಳುತ್ತದೆ ಎಂದಳು. ನೈಲಾನ್ ಕೂದಲು ನುಣುಪು, ಪಿನ್ನು ಹಿಡಿದು ನಿಲ್ಲುವುದಿಲ್ಲ. ಅಸಲಿ ಕೂದಲಿನ ಗಟ್ಟಿ ಚೌರಿ ಇದ್ದರೆ ಬಲೆ ಹಾಕಿ ನಿಲ್ಲಿಸಬಹುದಿತ್ತು, ಈಗ ಎಲ್ಲಿಂದ ತರುವುದು ಎಂದಳು.

ನೀಲಾಂಬಿಕ ಚೀಲದಿಂದ ಕೆಂಪು ಬಟ್ಟೆಯ ಡಬ್ಬಿಯನ್ನು ತೆಗೆದಳು. ಕೈಗೆ ಕೊಡಲು ಚಾಚಿದವಳು ಅಲ್ಲೇ ತಡೆದು, ಬಗ್ಗಿ ನೆಲದ ಮೇಲಿಟ್ಟು ಮಗಳ ಕಡೆಗೆ ದೂಡಿದಳು. ಬಗ್ಗಲಾರದ ಬಸುರಿ ಕಾಲಿನಿಂದ ಹತ್ತಿರ ಎಳೆದುಕೊಳ್ಳಲು ಹೋದದ್ದನ್ನು ನೋಡಿ ಇಬ್ಬರಿಗೂ ನಗು ಬಂತು. ಕೊನೆಗೆ ವರದಮ್ಮನೇ ಎತ್ತಿ ಅವಳ ಮಡಿಲಲ್ಲಿಟ್ಟರು. ನಯನ ಗಂಟು ಬಿಚ್ಚಿದಳು. ಸೂಜಿ, ದಾರ, ಮೇಣ, ಕತ್ತರಿ, ಧೋತರದ ತುಂಡು ಒಂದೊಂದಾಗಿ ಹೊರಗೆ ಬಂದವು. ತಳದಲ್ಲಿ ಕಪ್ಪಗೆ ಸುರುಳಿ ಸುತ್ತಿದ್ದ ಚೌರಿಯನ್ನು ಎತ್ತಿ ಯಾರದು ಎಂಬಂತೆ ತಾಯಿಯ ಮುಖ ನೋಡಿದಳು.

"ನಿಂದೇ," ಎಂದಳು ನೀಲಾಂಬಿಕ. "ಬಾಲವಾಡಿ ಕಾಲದಿಂದ ಬಾಚಿದ್ದೆಲ್ಲ ಕೂಡಿಟ್ಟಿದ್ದೆ."

ನಯನ ಅದನ್ನು ಕೆನ್ನೆಗೆ ಒತ್ತಿಕೊಂಡಳು.

ಆಮೇಲೆ ಕೆಲಸ. ಮಗಳು ಕನ್ನಡಿಯಲ್ಲಿ ನೋಡುತ್ತ ಇಲ್ಲಿ ಪಿನ್ನು, ಅಲ್ಲಿ ಬಲೆ ಎಂದು ಹೇಳಿಕೊಟ್ಟಳು, ತಾಯಿ ಹೇಳಿದಂತೆ ಮಾಡಿದಳು. ಗೇಣುದ್ದದ ಕೂದಲಿಗೆ ಚೌರಿ ಹೆಣೆದು, ಚೌರಿಗೆ ಮೊಗ್ಗಿನ ಜಡೆ ಹೊಲಿದರು. ಎಳೆದು ನೋಡಿದರೂ ಅಲುಗಲಿಲ್ಲ. ಹಸೆಯ ಮೇಲೆ ಕೂರಿಸಿ ಹೆಂಗಸರು ಆರತಿ ಎತ್ತುವಾಗ ಬಿಸಿಲು ತಗ್ಗಿ, ನೆತ್ತಿಯ ಕಡೆಯ ಮೊಗ್ಗುಗಳು ಒಂದೊಂದೇ ಬಾಯಿ ಬಿಡತೊಡಗಿದವು. ಮಾಲತೇಶ ಮೊಬೈಲ್ ಹಿಡಿದು ಬಂದಾಗ ನೀಲಾಂಬಿಕ ಅವನನ್ನು ತಡೆದು, ಪಾರ್ಲರಿನ ಆಳೆತ್ತರದ ಕನ್ನಡಿಯನ್ನು ಹೊರಗೆ ತರಿಸಿದಳು. ರಾಜಪ್ಪನ ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಆದರೂ ಮಗಳನ್ನು ಹೇಗೆ ನಿಲ್ಲಿಸಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಖ ಈ ಕಡೆ, ಜಡೆ ಕನ್ನಡಿಯಲ್ಲಿ.

ಹೊರಡುವಾಗ ಡಬ್ಬಿ ಇಲ್ಲೇ ಇರಲಿ ಎಂದಳು ನಯನ. ನೀಲಾಂಬಿಕ ತಲೆಯಾಡಿಸಿ, ತನ್ನ ಗಿಳಿಕೊಕ್ಕಿನ ಡಬ್ಬಿಯಿಂದ ಒಂದು ನಾರು ತೆಗೆದಳು. ಮೊಗ್ಗಿನ ಜಡೆಯ ಒಳಗೆ ಬೆರಳು ತೂರಿಸಿ ಮಗಳ ಸ್ವಂತ ಕೂದಲನ್ನು ಹುಡುಕಿ, ಕತ್ತಿನಿಂದ ತುದಿಯವರೆಗೆ ಅಳೆದು ಗಂಟು ಹಾಕಿದಳು. ಗಂಟಿಗೆ ಹಸಿರು ರವಿಕೆಯ ಚೂರು ಕಟ್ಟಿದಳು.

ಮಾರನೆಯ ಬೆಳಗ್ಗೆ ಶಿಕಾರಿಪುರದ ಜಗುಲಿಯ ಮೇಲೆ ಕೂತು ಹಳೆಯ ಕಟ್ಟು ಬಿಚ್ಚಿದಳು. ಹಸಿರು ಚೂರಿನ ನಾರನ್ನು ಎಲ್ಲಿ ಸೇರಿಸುವುದೆಂದು ನೋಡುತ್ತ, ಹಳದಿ ಲಂಗದ ಚೂರಿದ್ದ ಮೊದಲನೆಯದರ ಪಕ್ಕಕ್ಕೆ ಹಿಡಿದಳು. ಎರಡರ ಗಂಟೂ ಒಂದೇ ಕಡೆ ಬಂದವು. ಬಾಲವಾಡಿಯ ಹುಡುಗಿಯದೂ, ತಾಯಿಯಾಗುವವಳದೂ ಒಂದೇ ಗೇಣು. ವೀರಬಸಪ್ಪನನ್ನು ಕರೆದು ತೋರಿಸಿದಳು. ಅವನು ಎರಡನ್ನೂ ತನ್ನ ಗೇಣಿಗೆ ಹಿಡಿದು ನೋಡಿದ. ಅವಳು ಎರಡು ನಾರನ್ನೂ ಸೇರಿಸಿ ಕಟ್ಟಿ ಡಬ್ಬಿಯಲ್ಲಿಟ್ಟಳು. ಆಮೇಲೆ ಖಾಲಿ ಸೀರೆ ಪೆಟ್ಟಿಗೆ ಮನೆಯಲ್ಲಿ ಇನ್ನೂ ಉಳಿದಿದೆಯೇ ಎಂದು ಕೇಳಿದಳು, ಹುಟ್ಟುವುದು ಹೆಣ್ಣಾದರೆ ಬೇಕಾಗುತ್ತದೆ.